ಹೆಡಕಿನಲ್ಲಿ ಹೊರಟು ಕಣ್ಣಿಗೆ ಬಂದು ನಿಲ್ಲುವ ನೋವು

ಪ್ರಶ್ನೆ: ಮೇಡಂ, ನನಗೆ 41 ವರ್ಷ. ಜಯನಗರದಲ್ಲಿ ಆಡಿಟರ್ ಒಬ್ಬರ ಕಚೇರಿಯಲ್ಲಿ ಕೆಲಸ. ಮನೆ ಕೆಂಗೇರಿ, ಓಡಾಟ ಮೆಟ್ರೊದಲ್ಲಿ. ಮೂರು ವರ್ಷದಿಂದ ಕತ್ತು ನೋವು. ಬಲಗಡೆ ಹೆಡಕಿನಲ್ಲಿ ಶುರುವಾಗಿ, ತಲೆಗೆ ಹತ್ತಿ, ಬಲಗಣ್ಣಿನ ಹಿಂದೆ ಬಂದು ನಿಲ್ಲುತ್ತದೆ. ರಿಟರ್ನ್ಸ್ ಸಲ್ಲಿಸುವ ಕಾಲದಲ್ಲಂತೂ ದಿನಾ. ತಿಂಗಳಿಗೆ ಒಂದೆರಡು ಸಲ ವಾಕರಿಕೆ ಬಂದು, ಬೆಳಕು ಕಂಡರೆ ಆಗುವುದಿಲ್ಲ. ವಾರಕ್ಕೆ ನಾಲ್ಕು ದಿನ ಮೆಡಿಕಲ್ ಸ್ಟೋರಿನಿಂದ ತಂದ ತಲೆನೋವಿನ ಮಾತ್ರೆ ನುಂಗುತ್ತೇನೆ. ಎಂಆರ್‌ಐ ರಿಪೋರ್ಟಿನಲ್ಲಿ ‘ಸಿ5–ಸಿ6 ಡಿಸ್ಕ್ ಬಲ್ಜ್, ಸವೆತ’ ಅಂತ ಬಂದಿದೆ. ಕಾಲರ್ ಹಾಕಿದೆ, ಬೆನ್ನು ನೆಟ್ಟಗೆ ನಿಲ್ಲಿಸುವ ಬೆಲ್ಟ್ ತಂದೆ, ದುಬಾರಿ ದಿಂಬು ಕೊಂಡೆ. ನಾನು ಕೂರುವ ರೀತಿಯೇ ತಪ್ಪಾ? ಜೀವನಪೂರ್ತಿ ಹೀಗೇನಾ? ನಮ್ಮತ್ತೆ, ಈಳಿಗೆಮಣೆ ರಂಗೋಲಿ ಎರಡನ್ನೂ ಬಿಟ್ಟುಬಿಡು ಅಂತಾರೆ. ಬಿಡಬೇಕಾ?
— ಓದುಗರೊಬ್ಬರು, ಕೆಂಗೇರಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಕೇಳಿದ್ದು ಕೂರುವ ರೀತಿಯ ಬಗ್ಗೆ, ನನ್ನ ಕಣ್ಣು ನಿಂತದ್ದು ಮಾತ್ರೆಯ ಮಾತಿನ ಮೇಲೆ. ಅಲ್ಲಿಂದಲೇ ಶುರು ಮಾಡುತ್ತೇನೆ. ಅದನ್ನು ಸರಿಮಾಡಿಕೊಳ್ಳದೆ ನಾನು ಯಾವ ವ್ಯಾಯಾಮ ಹೇಳಿಕೊಟ್ಟರೂ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದ ಹಾಗೆ.

ವಾರಕ್ಕೆ ನಾಲ್ಕು ದಿನ ಅಂದರೆ ತಿಂಗಳಿಗೆ ಹದಿನಾರು, ಹದಿನೇಳು ದಿನ. ತಲೆನೋವಿನ ತಜ್ಞರು ಒಪ್ಪಿಕೊಂಡಿರುವ ಒಂದು ಲೆಕ್ಕವಿದೆ. ಬರೀ ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಅದಕ್ಕಿಂತ ಹೆಚ್ಚು, ಎರಡು ಮೂರು ಔಷಧ ಬೆರೆಸಿದ ಮಾತ್ರೆಯನ್ನು 10 ದಿನ ಅಥವಾ ಅದಕ್ಕಿಂತ ಹೆಚ್ಚು, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವು ತರಲು ಶುರುಮಾಡಬಹುದು. ಚೀಟಿ ಇಲ್ಲದೆ ಸಿಗುವ ಎಷ್ಟೋ ತಲೆನೋವಿನ ಮಾತ್ರೆಗಳಲ್ಲಿ ಕೆಫೀನ್ ಕೂಡ ಬೆರೆತಿರುತ್ತದೆ. ಇವತ್ತೇ ನಿಮ್ಮ ಸ್ಟ್ರಿಪ್ ತಿರುಗಿಸಿ ಹಿಂದೆ ಏನು ಬರೆದಿದೆ ಓದಿ. ಒಂದಕ್ಕಿಂತ ಹೆಚ್ಚು ಹೆಸರಿದ್ದರೆ ನಿಮಗೆ 10 ದಿನದ ಲೆಕ್ಕ ಅನ್ವಯಿಸುತ್ತದೆ, ಅದನ್ನು ನೀವು ದಾಟಿ ಬಹಳ ದಿನವಾಯಿತು. ಬರೀ ಒಂದೇ ಔಷಧವಾಗಿದ್ದರೂ 15ರ ಗಡಿ ದಾಟಿದ್ದೀರಿ.

ಹಾಗಂತ ನಾಳೆಯಿಂದಲೇ ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಿದ ಮೇಲೆ ಮೊದಲ ವಾರ, ಹತ್ತು ದಿನ ನೋವು ಹೆಚ್ಚಾಗುವುದು ಮಾಮೂಲು. ಆ ದಿನಗಳನ್ನು ಹೇಗೆ ದಾಟಬೇಕು, ಬದಲಿಗೆ ಏನಾದರೂ ಕೊಡಬೇಕೇ ಎನ್ನುವುದನ್ನು ವೈದ್ಯರು ನೋಡಬೇಕು. ಸ್ಟ್ರಿಪ್ಪಿನಲ್ಲಿ ಕೊಡೀನ್ ಅಥವಾ ಟ್ರಮಡಾಲ್ ಅಂತ ಇದ್ದರಂತೂ ಒಬ್ಬರೇ ಆ ಕೆಲಸಕ್ಕೆ ಕೈ ಹಾಕಲೇಬಾರದು.

ವೈದ್ಯರ ಹತ್ತಿರ ಹೋಗಲು ಇನ್ನೊಂದು ಕಾರಣವೂ ಇದೆ. ವಾಕರಿಕೆ, ಬೆಳಕು ಕಂಡರಾಗದಿರುವುದು ಮೈಗ್ರೇನ್‌ನ ಗುರುತು. ಬೆಂಗಳೂರು ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ನಡೆಸಿದ ಒಂದು ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವರ್ಷವೊಂದರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ಮೈಗ್ರೇನ್ ಇತ್ತು. ನಮ್ಮೂರಿನಲ್ಲಿ ನಾಲ್ವರಲ್ಲಿ ಒಬ್ಬರಿಗೆ ಇರುವ ಕಾಯಿಲೆಯನ್ನು ‘ಕತ್ತಿನ ಸವೆತ’ ಅಂತ ಹೆಸರಿಟ್ಟು ವರ್ಷಗಟ್ಟಲೆ ಕತ್ತು ಒತ್ತಿಸಿಕೊಳ್ಳುವವರನ್ನು ನೋಡಿ ನನಗೆ ಸಂಕಟವಾಗುತ್ತದೆ. ಮೈಗ್ರೇನ್ ಬರುವ ಮುಂಚೆ, ಬಂದಾಗ ಕತ್ತು ಹಿಡಿದುಕೊಳ್ಳುವುದು ತೀರಾ ಸಾಮಾನ್ಯ. ಅದಕ್ಕೆ ಕತ್ತೇ ಕಾರಣ ಅನಿಸಿಬಿಡುತ್ತದೆ. ನಿಮ್ಮ ವಿಷಯದಲ್ಲಿ ಎರಡೂ ಇರಬಹುದು ಎಂದು ನನ್ನ ಅನುಮಾನ. ಕತ್ತಿನಿಂದ ಹುಟ್ಟುವ ನೋವು ಒಂದು, ಆಗಾಗ ಮೈಗ್ರೇನ್ ಇನ್ನೊಂದು, ಎರಡರ ಮೇಲೆ ಮಾತ್ರೆಯ ನೋವು. ನಿಮ್ಹಾನ್ಸ್ ಇರಲಿ, ನಿಮಗೆ ಹತ್ತಿರದ ಆಸ್ಪತ್ರೆಯ ನ್ಯೂರಾಲಜಿ ಒಪಿಡಿ ಇರಲಿ, ಒಮ್ಮೆ ಹೋಗಿ ಬನ್ನಿ. ನನ್ನ ಕೆಲಸವಾದ ಕತ್ತಿನ ವ್ಯಾಯಾಮ ಅದರ ಜೊತೆಜೊತೆಗೇ ನಡೆಯುತ್ತದೆ.

ಕಾಯದೆ, ಆವತ್ತೇ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ: ಸಿಡಿಲು ಬಡಿದ ಹಾಗೆ ಒಮ್ಮೆಗೇ ಏರುವ ತಲೆನೋವು, ಜ್ವರದ ಜೊತೆ ಕತ್ತು ಬಿಗಿತ, ಮಾತು ತೊದಲುವುದು, ಒಂದು ವಸ್ತು ಎರಡಾಗಿ ಕಾಣುವುದು, ಕತ್ತಿನ ಒಂದು ಬದಿಗೆ ಹಿಂದೆಂದೂ ಇಲ್ಲದ ನೋವು ಬಂದು ತಲೆ ಸುತ್ತುವುದು, ಬಿದ್ದು ಪೆಟ್ಟಾದ ಮೇಲೆ ಶುರುವಾದ ನೋವು. ಬ್ಲೌಸಿನ ಹುಕ್ಕು ಹಾಕಲು ಬೆರಳು ತಡವರಿಸುವುದು, ನಡೆಯುವಾಗ ತೂರಾಡುವುದು, ಮೂತ್ರದ ಹಿಡಿತ ತಪ್ಪುವುದು ಬೆನ್ನುಹುರಿಗೆ ಒತ್ತಡ ಬಿದ್ದಿರುವ ಸೂಚನೆ ಇರಬಹುದು. ನೀವು ಇವು ಯಾವುದನ್ನೂ ಬರೆದಿಲ್ಲ. ಆದರೂ ಇದನ್ನು ಓದುವ ಇನ್ನೊಬ್ಬರಿಗೆ ಇರಬಹುದು.

ಈಗ ಕತ್ತಿನ ವಿಷಯ. ಹೆಡಕಿನ ನೋವು ಕಣ್ಣಿಗೆ ಯಾಕೆ ಬರುತ್ತದೆ? ನೀವು ದಿನಾ ಕೆಂಗೇರಿಯಿಂದ ನೇರಳೆ ಮಾರ್ಗದಲ್ಲಿ ಬಂದು ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿಕೊಳ್ಳುತ್ತೀರಿ. ಮೆಜೆಸ್ಟಿಕ್‌ನಲ್ಲಿ ಮೇಲೆ ಹತ್ತಿ ಹೊರಗೆ ಬಂದ ಜನರನ್ನು ನೋಡಿ ಯಾರು ಯಾವ ಮಾರ್ಗದಿಂದ ಬಂದರು ಅಂತ ಹೇಳಲಾಗುವುದಿಲ್ಲ. ಮೆದುಳಿನ ಬುಡದಲ್ಲೂ ಅಂಥದ್ದೊಂದು ಜಂಕ್ಷನ್ ಇದೆ. ಕತ್ತಿನ ಮೇಲಿನ ಮೂರು ನರಗಳೂ, ಹಣೆ ಮತ್ತು ಕಣ್ಣಿನ ಸುತ್ತಲಿನ ಸಂವೇದನೆ ಹೊತ್ತು ತರುವ ನರವೂ ಅಲ್ಲಿ ಬಂದು ಸೇರುತ್ತವೆ. ಕತ್ತಿನ ಕೀಲು ಕಳಿಸಿದ ದೂರನ್ನು ಮೆದುಳು ಕಣ್ಣಿನದು ಅಂತ ಓದಿಕೊಳ್ಳುತ್ತದೆ. ಕಣ್ಣಿಗೆ ಏನೂ ಆಗಿರುವುದಿಲ್ಲ.

‘ಮೇಲಿನ ಮೂರು’ ಎನ್ನುವುದನ್ನು ಮರೆಯಬೇಡಿ. ಕತ್ತಿನಲ್ಲಿ ಏಳು ಮೂಳೆಗಳಿವೆ. ಕತ್ತು ತಿರುಗಿಸುವಾಗ ಆಗುವ ಚಲನೆಯಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮೊದಲ ಮತ್ತು ಎರಡನೇ ಮೂಳೆಯ ನಡುವೆಯೇ ನಡೆಯುತ್ತದೆ. ನಿಮ್ಮ ರಿಪೋರ್ಟಿನಲ್ಲಿರುವ ಸಿ5–ಸಿ6, ಅಂದರೆ ಐದನೇ ಮತ್ತು ಆರನೇ ಮೂಳೆಯ ನಡುವಿನ ಜಾಗ, ಅದಕ್ಕಿಂತ ಕೆಳಗೆ. ಅಲ್ಲಿನ ತೊಂದರೆ ಸಾಮಾನ್ಯವಾಗಿ ಹೆಗಲಿಗೆ, ರಟ್ಟೆಗೆ, ಹೆಬ್ಬೆರಳಿನ ಕಡೆಗೆ ಇಳಿಯುತ್ತದೆ. ಕೈ ಜೋಮು, ಕೈಸೋಲು ಯಾವುದನ್ನೂ ನೀವು ಬರೆದಿಲ್ಲ. ಹಾಗಾಗಿ ಆ ಬಲ್ಜ್, ಅಂದರೆ ಮೂಳೆಗಳ ನಡುವಿನ ಮೆತ್ತೆ ತುಸು ಉಬ್ಬಿರುವುದು, ನಿಮ್ಮ ತಲೆನೋವಿಗೆ ಕಾರಣ ಅಂತ ನನಗೆ ಅನಿಸುವುದಿಲ್ಲ. ಜಪಾನಿನಲ್ಲಿ ಕತ್ತು ನೋವೇ ಇಲ್ಲದ 1,211 ಮಂದಿಗೆ ಎಂಆರ್‌ಐ ಮಾಡಿ ನೋಡಿದರು. 2015ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ನೂರಕ್ಕೆ 87ಕ್ಕೂ ಹೆಚ್ಚು ಮಂದಿಗೆ ಡಿಸ್ಕ್ ಬಲ್ಜ್ ಇತ್ತು. ಇಪ್ಪತ್ತರ ಹರೆಯದವರಲ್ಲೂ ಹೆಚ್ಚಿನವರಿಗೆ ಇತ್ತು. ‘ಸವೆತ’ ಎಂಬ ಪದ ಕೇಳಿದ ತಕ್ಷಣ ಜನ ಕತ್ತನ್ನು ಗಾಜಿನ ಬಳೆಯ ಹಾಗೆ ಕಾಯಲು ಶುರುಮಾಡುತ್ತಾರೆ. ಅಲುಗಾಡಿಸದೆ ಕಾದಷ್ಟೂ ಸ್ನಾಯು ಸೊರಗುತ್ತದೆ, ನೋವು ಬೇಗ ಏಳುತ್ತದೆ. ನಿಮ್ಮ ವಯಸ್ಸಿನಲ್ಲಿ ತಲೆಯಲ್ಲಿ ನಾಲ್ಕು ನರೆಕೂದಲು ಇದ್ದಷ್ಟೇ ಸಹಜ ಆ ಬಲ್ಜ್.

ಇನ್ನು ನೀವು ನಿಜವಾಗಿ ಕೇಳಿದ ಪ್ರಶ್ನೆ: ಕೂರುವ ರೀತಿ ತಪ್ಪಾ?

ವೃತ್ತಿಗೆ ಬಂದ ಮೊದಲ ವರ್ಷಗಳಲ್ಲಿ ನಾನು ಎಲ್ಲರಿಗೂ ‘ನೆಟ್ಟಗೆ ಕೂತ್ಕೊಳ್ಳಿ’ ಅಂತ ಹೇಳಿಯೇ ಕಳಿಸುತ್ತಿದ್ದೆ. ಈಗ ಹೇಳುವುದಿಲ್ಲ. ಇಡೀ ದಿನ ಗರುಡಗಂಬದ ಹಾಗೆ ನೆಟ್ಟಗೆ ಕೂತು, ಅದರಿಂದಲೇ ನೋವು ಹೆಚ್ಚಿಸಿಕೊಂಡು ವಾಪಸು ಬಂದವರನ್ನು ಕಂಡಿದ್ದೇನೆ. ಇದೇ ಸರಿಯಾದ ಭಂಗಿ, ಹೀಗೆ ಕೂತರೆ ನೋವು ಬರುವುದಿಲ್ಲ ಅಂತ ತೋರಿಸಿಕೊಡುವ ಗಟ್ಟಿ ಆಧಾರ ನಮ್ಮ ಶಾಸ್ತ್ರದಲ್ಲಿಲ್ಲ. ಗೂನು ಬೆನ್ನು ಮಾಡಿ ಕೂರುವ ಎಷ್ಟೋ ಜನರಿಗೆ ನೋವಿಲ್ಲ. ‘ತಲೆ 60 ಡಿಗ್ರಿ ಬಗ್ಗಿಸಿದರೆ ಕತ್ತಿನ ಮೇಲೆ 27 ಕಿಲೋ ಭಾರ’ ಎಂಬ ಚಿತ್ರ ನಿಮಗೂ ವಾಟ್ಸಾಪಿನಲ್ಲಿ ಬಂದಿರಬಹುದು. ಅದು 2014ರಲ್ಲಿ ಕಂಪ್ಯೂಟರ್ ಮಾದರಿಯೊಂದರ ಮೇಲೆ ಹಾಕಿದ ಲೆಕ್ಕ. ಎಷ್ಟು ಭಾರ ಬೀಳುತ್ತದೆ ಅಂತ ಅದು ಹೇಳಬಹುದು, ಎಷ್ಟು ನೋಯುತ್ತದೆ ಅಂತ ಹೇಳಲಾರದು. ಭಾರ ಹೊರಲಿಕ್ಕೆಂದೇ ಸ್ನಾಯು ಇರುವುದು.

ಕತ್ತು ತಡೆಯಲಾರದ್ದು ಒಂದೇ ಭಂಗಿಯಲ್ಲಿ ಗಂಟೆಗಟ್ಟಲೆ ನಿಲ್ಲುವುದನ್ನು. ನಿಮ್ಮ ಪತ್ರದಲ್ಲೇ ಇದಕ್ಕೆ ಸಾಕ್ಷಿ ಇದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ರಿಟರ್ನ್ಸ್, ಆಡಿಟ್ ಅಂತ ಕಚೇರಿಯಲ್ಲಿ ಎದ್ದೇಳಲೂ ಬಿಡುವಿಲ್ಲದಾಗ ನೋವು ದಿನಾ ಬರುತ್ತದೆ. ಆ ತಿಂಗಳುಗಳಲ್ಲಿ ನಿಮ್ಮ ಕುರ್ಚಿ ಬದಲಾಗಿರುವುದಿಲ್ಲ. ಅದರಲ್ಲಿ ಕೂರುವ ಹೊತ್ತು ಹೆಚ್ಚಾಗಿರುತ್ತದೆ, ನಿದ್ದೆ ಕಡಿಮೆಯಾಗಿರುತ್ತದೆ, ತಲೆಯ ಮೇಲೆ ಕೊನೇ ದಿನಾಂಕ ತೂಗುತ್ತಿರುತ್ತದೆ, ಊಟದ ಹೊತ್ತು ಜಾರಿರುತ್ತದೆ. ಇವು ಒಂದೊಂದೂ ನೋವಿಗೆ ಬಾಗಿಲು ತೆರೆಯುತ್ತವೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಏನಾದರೊಂದು ಬದಲಾಯಿಸಿ. ಫೋನ್ ಬಂದರೆ ನಿಂತು ಮಾತಾಡಿ, ಫೈಲು ತರಲು ನೀವೇ ಎದ್ದು ಹೋಗಿ, ನೀರಿನ ಬಾಟಲಿಯನ್ನು ಸಣ್ಣದಿಟ್ಟುಕೊಂಡು ಆಗಾಗ ತುಂಬಿಸಿಕೊಂಡು ಬನ್ನಿ. ಕೂತಾಗ ಒರಗಿಕೊಳ್ಳಿ, ಆಮೇಲೆ ಮುಂದೆ ಬನ್ನಿ, ಆಮೇಲೆ ಕಾಲು ಚಾಚಿ. ಯಾವುದೂ ತಪ್ಪಲ್ಲ, ಯಾವುದರಲ್ಲೂ ತಳ ಊರಬೇಡಿ.

ಮೇಜಿನ ವಿಷಯವನ್ನು ಬೇಗ ಮುಗಿಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ಪರದೆಯೂ ಕೀಲಿಮಣೆಯೂ ಅಂಟಿಕೊಂಡಿರುವುದೇ ತೊಂದರೆ. ಎಸ್.ಪಿ. ರೋಡಿನಲ್ಲಿ ಒಂದು ಸಾಧಾರಣ ಕೀಬೋರ್ಡ್, ಮೌಸ್ ಕೊಂಡು, ಲ್ಯಾಪ್‌ಟಾಪಿನ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಟ್ಟರೆ ಪರದೆ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ನಿಮ್ಮ ವಯಸ್ಸಿಗೆ ಓದುವ ಕನ್ನಡಕ ಬಂದಿರಬಹುದು. ಎರಡು ಪವರ್ ಇರುವ ಅಥವಾ ಪ್ರೋಗ್ರೆಸಿವ್ ಕನ್ನಡಕವಾದರೆ ಕೆಳಗಿನ ಭಾಗದಿಂದ ಪರದೆ ನೋಡಲು ಗದ್ದ ಎತ್ತುತ್ತೀರಿ, ಹೆಡಕು ಹಿಂದಕ್ಕೆ ಮಡಚಿಕೊಂಡೇ ಇಡೀ ದಿನ ಕಳೆಯುತ್ತದೆ. ನಿಮ್ಮಂಥ ನೋವು ಬರಲು ಇದೊಂದೇ ಸಾಕಾಗಬಹುದು. ಹಾಗಿದ್ದರೆ ಪರದೆಯನ್ನು ಸ್ವಲ್ಪ ತಗ್ಗಿಸಿ, ಇಲ್ಲವೇ ಕಂಪ್ಯೂಟರ್ ದೂರಕ್ಕೆ ಮಾತ್ರ ಹೊಂದುವ ಒಂದು ಕನ್ನಡಕ ಮಾಡಿಸಿಕೊಳ್ಳಿ. ಮೆಟ್ರೊದಲ್ಲಿ ಕೂರಲು ಜಾಗ ಸಿಕ್ಕಾಗ ಬ್ಯಾಗನ್ನು ತೊಡೆಯ ಮೇಲಿಟ್ಟು ಅದರ ಮೇಲೆ ಮೊಣಕೈ ಊರಿ ಫೋನ್ ನೋಡಿ. ನಿಂತಾಗ ನೋಡದಿದ್ದರೆ ಇನ್ನೂ ಒಳ್ಳೆಯದು.

ವ್ಯಾಯಾಮಕ್ಕೆ ಬರೋಣ. ನೀವು ಕೊಂಡ ಎಲ್ಲ ವಸ್ತುಗಳಿಗಿಂತ ನನಗೆ ಇದರ ಮೇಲೆ ಭರವಸೆ.

ಕತ್ತಿನ ಮೂಳೆಗೆ ಮುಂದುಗಡೆ, ಅನ್ನನಾಳದ ಹಿಂದೆ, ತೆಳ್ಳಗಿನ ಸ್ನಾಯುಗಳಿವೆ. ತಲೆಯನ್ನು ಕತ್ತಿನ ಮೇಲೆ ಸ್ಥಿರವಾಗಿ ಕೂರಿಸುವ ಕೆಲಸ ಅವುಗಳದ್ದು. ಬಹಳ ದಿನ ಕತ್ತು ನೋವಿದ್ದವರಲ್ಲಿ ಅವು ಮೈಗಳ್ಳವಾಗುತ್ತವೆ, ಅವುಗಳ ಪಾಲಿನ ಕೆಲಸವೂ ಹೊರಗಿನ ದಪ್ಪ ಸ್ನಾಯುಗಳ ಮೇಲೆ ಬೀಳುತ್ತದೆ. ಅವುಗಳನ್ನು ಎಬ್ಬಿಸುವುದು ಹೀಗೆ: ಚಾಪೆಯ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ತಲೆಯ ಕೆಳಗೆ ಮಡಚಿದ ಟವೆಲ್ ಇಡಿ. ಪಕ್ಕದಲ್ಲಿ ಯಾರೋ ಏನೋ ಕೇಳಿದರು, ನೀವು ಬಾಯಿ ತೆರೆಯದೆ ‘ಹೂಂ’ ಅಂದಿರಿ ಅಂದುಕೊಳ್ಳಿ. ಆ ಹೂಂಗೆ ಗದ್ದ ಎಷ್ಟು ಇಳಿಯುತ್ತದೋ ಅಷ್ಟೇ ಇಳಿಸಿ, ಅಲ್ಲೇ ಹಿಡಿಯಿರಿ. ತಲೆ ಟವೆಲಿನಿಂದ ಮೇಲೇಳಬಾರದು. ಎರಡು ಬೆರಳನ್ನು ಕತ್ತಿನ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಹಗ್ಗದ ಹಾಗೆ ಎದ್ದು ಬರುವ ಸ್ನಾಯು ಮೆತ್ತಗೇ ಇರಬೇಕು. ಬಿಗಿಯಾದರೆ ನೀವು ಜೋರು ಮಾಡುತ್ತಿದ್ದೀರಿ ಅಂತ ಅರ್ಥ. ಉಸಿರು ಕಟ್ಟಬೇಡಿ. ಮೊದಲ ವಾರ 5 ಸೆಕೆಂಡಿನಂತೆ 5 ಸಲ ಸಾಕು, ಬರಬರುತ್ತಾ 10 ಸೆಕೆಂಡಿನಂತೆ 10 ಸಲಕ್ಕೆ ಏರಿಸಿ. ಬೆಳಗ್ಗೆ ಒಮ್ಮೆ, ರಾತ್ರಿ ಒಮ್ಮೆ. ಇಷ್ಟು ಚಿಕ್ಕದರಿಂದ ಏನಾಗುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. 2002ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಕತ್ತಿನಿಂದ ತಲೆನೋವು ಬರುತ್ತಿದ್ದ 200 ಮಂದಿಯಲ್ಲಿ ಕೆಲವರಿಗೆ ಇದನ್ನು ಆಧರಿಸಿದ ವ್ಯಾಯಾಮ, ಕೆಲವರಿಗೆ ಕೈಯಿಂದ ಕೀಲು ಸಡಿಲಿಸುವ ಚಿಕಿತ್ಸೆ, ಕೆಲವರಿಗೆ ಎರಡೂ ಕೊಟ್ಟರು, ಉಳಿದವರಿಗೆ ಯಾವುದೂ ಇಲ್ಲ. ಆರು ವಾರದ ಚಿಕಿತ್ಸೆ ಪಡೆದ ಮೂರೂ ಗುಂಪಿನಲ್ಲಿ ತಲೆನೋವು ಕಡಿಮೆಯಾಯಿತು, ವರ್ಷವಾದ ಮೇಲೂ ಆ ಗುಣ ಉಳಿದಿತ್ತು.

ಎರಡನೆಯದು ಹೆಗಲಿಗೆ. ಕ್ರೀಡಾ ಸಾಮಗ್ರಿಯ ಅಂಗಡಿಯಲ್ಲಿ ಸಿಗುವ ಎಲಾಸ್ಟಿಕ್ ಬ್ಯಾಂಡ್ ತನ್ನಿ. ಅದರ ನಡುಭಾಗವನ್ನು ಕಾಲಡಿ ತುಳಿದು, ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಸ್ವಲ್ಪ ಮಡಚಿ, ತೋಳುಗಳನ್ನು ಪಕ್ಕಕ್ಕೆ, ತುಸು ಮುಂದಕ್ಕೆ, ಹೆಗಲಿನ ಮಟ್ಟದವರೆಗೆ ಎತ್ತಿ. ಇಳಿಸುವಾಗ ನಿಧಾನ. ಎರಡು ನಿಮಿಷ, ಅಥವಾ ರಟ್ಟೆ ಸೋಲುವವರೆಗೆ. ಎರಡೇ ನಿಮಿಷವಾ ಅಂತ ಕೇಳಬೇಡಿ. ಡೆನ್ಮಾರ್ಕಿನಲ್ಲಿ ಕತ್ತು–ಹೆಗಲು ನೋವಿದ್ದ 198 ಕಚೇರಿ ನೌಕರರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ಗುಂಪು ದಿನಕ್ಕೆ 2 ನಿಮಿಷ, ಇನ್ನೊಂದು 12 ನಿಮಿಷ ಇದನ್ನೇ ಮಾಡಿತು. ವಾರಕ್ಕೆ ಐದು ದಿನ, ಹತ್ತು ವಾರ. ಎರಡೂ ಗುಂಪಿನಲ್ಲಿ ನೋವು ಇಳಿಯಿತು. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮೇಲೆ ಬಗ್ಗಿರುವ ಹೆಣ್ಣುಮಗಳೊಬ್ಬಳು ನನ್ನ ಹತ್ತಿರ ಬರುತ್ತಿದ್ದಳು. ಅವಳ ಯಂತ್ರದ ಎತ್ತರವನ್ನಾಗಲಿ, ಕುರ್ಚಿಯನ್ನಾಗಲಿ ಬದಲಾಯಿಸುವುದು ಅವಳ ಕೈಯಲ್ಲಿರಲಿಲ್ಲ. ಅವಳ ಕೈಯಲ್ಲಿದ್ದದ್ದು ಊಟದ ಬಿಡುವಿನ ಈ ಎರಡು ನಿಮಿಷ. ಮೂರನೇ ತಿಂಗಳಿಗೆ ಅವಳು ನೋವಿನಿಂದ ರಜೆ ಹಾಕುವುದು ನಿಂತಿತು. ಯಂತ್ರ ಇದ್ದ ಹಾಗೇ ಇತ್ತು.

ಬ್ಯಾಂಡಿಗೆ ಕೈ ಒಗ್ಗಿದ ಮೇಲೆ ಅದನ್ನೇ ಕಿಟಕಿಯ ಸರಳಿಗೆ ಸಿಕ್ಕಿಸಿ, ಹಗ್ಗ ಸೇದಿದ ಹಾಗೆ ಎರಡೂ ಮೊಣಕೈಯನ್ನು ಹಿಂದಕ್ಕೆಳೆಯಿರಿ. ಬೆನ್ನ ಹಲಗೆ ಮೂಳೆಗಳ ನಡುವಿನ ಸ್ನಾಯುಗಳಿಗೆ ಅದು. ಇದರ ಜೊತೆಗೆ ಅರ್ಧ ಗಂಟೆ ಚುರುಕಾದ ನಡಿಗೆ, ವಾರಕ್ಕೆ ಐದು ದಿನ. ಜಯನಗರದಲ್ಲೇ ಕೆಲಸವಾದ್ದರಿಂದ ಸಂಜೆ ಲಾಲ್‌ಬಾಗ್ ನಿಮಗೆ ದೂರವಲ್ಲ. ಅಲ್ಲಿ ಒಂದು ಸುತ್ತು ಹಾಕಿ ಅಲ್ಲಿಯೇ ಮೆಟ್ರೊ ಹತ್ತಬಹುದು.

ಮೇಲಿನ ಎರಡು ಮೂಳೆಗಳ ಬಿಗಿತಕ್ಕೆ ಟವೆಲಿನ ಅಂಚು ಹಿಡಿದು ಮಾಡುವ ಒಂದು ಒಳ್ಳೆಯ ವ್ಯಾಯಾಮವಿದೆ. ಅದನ್ನು ಬರೆದು ಹೇಳಿಕೊಡಲು ನನಗೆ ಧೈರ್ಯವಿಲ್ಲ, ಒಂದು ಬೆರಳಿನಷ್ಟು ಜಾಗ ತಪ್ಪಿದರೂ ಫಲವಿಲ್ಲ. ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಕಲಿಯಿರಿ. ಅವರು ನಿಮ್ಮನ್ನು ಮಲಗಿಸಿ, ಗದ್ದವನ್ನು ಎದೆಗೆ ಬಗ್ಗಿಸಿ, ಆಮೇಲೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡುತ್ತಾರೆ. ಹೀಗೆ ಬಗ್ಗಿಸಿದಾಗ ಕೆಳಗಿನ ಕೀಲುಗಳು ಬಿಗಿಯಾಗಿ ತಿರುಗುವುದೆಲ್ಲ ಮೇಲೆಯೇ ಆಗುತ್ತದೆ. ಆರೋಗ್ಯವಂತರಲ್ಲಿ ಎರಡೂ ಕಡೆ ಸುಮಾರು 44 ಡಿಗ್ರಿ ತಿರುಗುತ್ತದೆ. ನಿಮಗೆ ಬಲಕ್ಕೆ ಎಷ್ಟೋ ಕಡಿಮೆ ತಿರುಗಿದರೆ ನೋವಿನಲ್ಲಿ ಕತ್ತಿನ ಪಾಲೂ ಇದೆ ಎಂಬುದು ಗಟ್ಟಿಯಾಗುತ್ತದೆ. ಬರೀ ಕರೆಂಟು, ಶಾಖ ಕೊಟ್ಟು ಹತ್ತು ದಿನ ಬನ್ನಿ ಅನ್ನುವ ಕಡೆ ಹಣ ಕಳೆಯಬೇಡಿ.

ವ್ಯಾಯಾಮ ಮಾಡುವಾಗ ಹತ್ತಕ್ಕೆ ಮೂರರಷ್ಟು ನೋವು ಬಂದರೆ ಹೆದರಬೇಡಿ, ಮೊದಲೆರಡು ವಾರ ಮೈಕೈ ನೋವೂ ಇರುತ್ತದೆ. ಮಾರನೇ ದಿನವೂ ತಲೆನೋವು ಹಾಗೇ ಉಳಿದರೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ. ಹಾಲಿನ ಲೆಕ್ಕ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಇದನ್ನೂ ಬರೆಯಿರಿ: ತಲೆನೋವು ಬಂದ ದಿನಕ್ಕೆ ಒಂದು ಗೆರೆ, ಮಾತ್ರೆ ನುಂಗಿದ ದಿನಕ್ಕೆ ಒಂದು ಸುತ್ತು, ಮುಟ್ಟಿನ ದಿನಕ್ಕೆ ಒಂದು ಚುಕ್ಕೆ. ವೈದ್ಯರಿಗೆ ನಿಮ್ಮ ಎಂಆರ್‌ಐಗಿಂತ ಆ ಹಾಳೆ ಹೆಚ್ಚು ಹೇಳುತ್ತದೆ.

ಕಾಲರ್ ಬಿಟ್ಟುಬಿಡಿ, ಅದನ್ನು ಬಹಳ ದಿನ ಹಾಕಿಕೊಂಡಷ್ಟೂ ಕತ್ತು ಬಲ ಕಳೆದುಕೊಳ್ಳುತ್ತದೆ. ಬೆಲ್ಟೂ ಬೇಡ. ದಿಂಬು ನಿಮಗೆ ಹಿತವೆನಿಸಿದರೆ ಇರಲಿ. ಮಗ್ಗುಲಾಗಿ ಮಲಗಿದಾಗ ಹೆಗಲಿಗೂ ಕಿವಿಗೂ ನಡುವಿನ ಎಡೆ ತುಂಬಿದರೆ ಸಾಕು, ಮನೆಯ ಹತ್ತಿ ದಿಂಬೂ ಆ ಕೆಲಸ ಮಾಡುತ್ತದೆ. ಬೋರಲು ಮಲಗಿ ಕತ್ತು ಒಂದೇ ಕಡೆ ತಿರುಗಿಸಿಕೊಂಡು ಮಲಗುವುದನ್ನು ಬಿಡಿ. ಶೀರ್ಷಾಸನ, ಸರ್ವಾಂಗಾಸನ, ಹಲಾಸನ ಸದ್ಯಕ್ಕೆ ಬೇಡ. ಇನ್ನು ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಪಾರ್ಲರಿನಲ್ಲಿ, ಕ್ಷೌರದಂಗಡಿಯಲ್ಲಿ ತಲೆಗೆ ಎಣ್ಣೆ ತಟ್ಟಿಸಿಕೊಳ್ಳಿ, ಆದರೆ ಕತ್ತನ್ನು ಝಾಡಿಸಿ ನೆಟಿಕೆ ತೆಗೆಯಲು ಯಾರಿಗೂ ಬಿಡಬೇಡಿ, ಮನೆಯವರಿಗೂ ಹೇಳಿ. ಮೆದುಳಿಗೆ ರಕ್ತ ಒಯ್ಯುವ ಎರಡು ನಾಳಗಳು ಕತ್ತಿನ ಮೂಳೆಗಳ ತೂತುಗಳಲ್ಲಿ ಹಾದುಹೋಗುತ್ತವೆ. ಹಾಗೆ ತಿರುಚಿದಾಗ ಅಪರೂಪಕ್ಕೆ ಅವುಗಳ ಒಳಪದರ ಹರಿದು ಪಾರ್ಶ್ವವಾಯು ಆಗುತ್ತದೆ.

ಜೀವನಪೂರ್ತಿ ಹೀಗೇನಾ ಅಂತ ಕೇಳಿದಿರಿ. ಇಲ್ಲ. ಮಾತ್ರೆ ಇಳಿದು, ಮೈಗ್ರೇನ್‌ಗೆ ಸರಿಯಾದ ಔಷಧ ಸಿಕ್ಕಿ, ಕತ್ತಿಗೆ ಬಲ ಬಂದರೆ ಎರಡು ಮೂರು ತಿಂಗಳಲ್ಲಿ ಕ್ಯಾಲೆಂಡರಿನ ಗೆರೆಗಳು ವಿರಳವಾಗಬೇಕು. ಪೂರ್ತಿ ಅಳಿಸಿಹೋಗುತ್ತವೆ ಅಂತ ಮಾತು ಕೊಡಲಾರೆ. ಮುಂದಿನ ಸೆಪ್ಟೆಂಬರಿನಲ್ಲಿ ಒಂದೆರಡು ದಿನ ಮತ್ತೆ ಕಾಡಬಹುದು. ಆಗ ಎಲ್ಲ ಕೆಟ್ಟಿತು ಅಂದುಕೊಂಡು ಕಾಲರ್ ಹುಡುಕಬೇಡಿ. ಬ್ಯಾಂಡನ್ನು ಆ ತಿಂಗಳುಗಳಿಗೆ ಮುಂಚೆಯೇ, ಮೇ ತಿಂಗಳಿನಿಂದಲೇ ಬಿಡದೆ ಹಿಡಿಯಿರಿ.

ಈಳಿಗೆಮಣೆಯನ್ನೂ ರಂಗೋಲಿಯನ್ನೂ ಬಿಡಬೇಡಿ. ಅತ್ತೆಯವರ ಕಾಳಜಿ ದೊಡ್ಡದು, ಅವರಿಗೆ ನನ್ನ ನಮಸ್ಕಾರ ತಿಳಿಸಿ. ಆದರೆ ಬೆಳಗ್ಗೆ ಬಗ್ಗಿ, ಕೂತು, ಎದ್ದು, ಚುಕ್ಕಿಯಿಂದ ಚುಕ್ಕಿಗೆ ಸರಿಯುತ್ತಾ ಹತ್ತು ನಿಮಿಷ ರಂಗೋಲಿ ಹಾಕುವ ಕತ್ತು ಆ ಹೊತ್ತಿನಲ್ಲಿ ಹತ್ತಾರು ಕಡೆ ಹೊರಳುತ್ತದೆ. ಆಮೇಲೆ ಎಂಟು ಗಂಟೆ ಅದಕ್ಕೆ ಆ ಭಾಗ್ಯವಿಲ್ಲ. ಹಬ್ಬದ ದಿನ ಎರಡು ಕಿಲೋ ಅವರೆಕಾಯಿ ಸುಲಿಯಲು, ಕುಂಬಳಕಾಯಿ ಹೆಚ್ಚಲು ಕೂತಾಗ ಮಾತ್ರ ಈಳಿಗೆಮಣೆಯನ್ನು ಅತ್ತೆಯವರ ಜೊತೆ ಸರದಿಯ ಮೇಲೆ ಹಂಚಿಕೊಳ್ಳಿ, ನಡುವೆ ಎದ್ದು ಕಾಫಿ ಸೋಸಿಕೊಂಡು ಬನ್ನಿ.